ಹಾರ್ಟ್ ಫೇಲ್ಯೂರ್ ಇರುವವರಿಗೆ ರಾತ್ರಿ ನಿದ್ದೆ: ಮನೆಯವರು ಒಂದೊಂದಾಗಿ ಮಾಡಬಹುದಾದದ್ದು

ರಾತ್ರಿ ಎರಡು ಗಂಟೆ ಹೊತ್ತಿಗೆ ಅಪ್ಪ ಹಜಾರದ ಕಿಟಕಿ ತೆಗೆದು, ಸರಳು ಹಿಡಿದುಕೊಂಡು ನಿಂತಿರುತ್ತಿದ್ದರು. "ಏನಾಯ್ತಪ್ಪ?" ಅಂತ ಕೇಳಿದರೆ "ಏನಿಲ್ಲ ಮಗಾ, ಸೆಕೆ. ನೀನು ಹೋಗಿ ಮಲಗು" ಅನ್ನುತ್ತಿದ್ದರು. ನಾವೂ ಸೆಕೆ ಅಂತಲೇ ನಂಬಿದೆವು. ಆಮೇಲೆ ವಯಸ್ಸಾಯ್ತು, ನಿದ್ದೆ ಕಡಿಮೆಯಾಗುತ್ತೆ ಅಂದುಕೊಂಡೆವು. ಒಂದು ದಿಂಬು ಎರಡಾಯ್ತು, ಎರಡು ಮೂರಾಯ್ತು. ಕೊನೆಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಹೃದಯದ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಅದು ಹೊರತಳ್ಳುವ ರಕ್ತದ ಪಾಲು, ಶೇಕಡಾ 30 ಅಂತ ಬಂತು. ಸಾಮಾನ್ಯವಾಗಿ ಅದು 55ರ ಮೇಲಿರಬೇಕು.

ಆ ದಿಂಬುಗಳನ್ನು ನಾವು ಎಣಿಸಿದ್ದರೆ ಕಾಯಿಲೆ ಇನ್ನೂ ಬೇಗ ಗೊತ್ತಾಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾರ್ಟ್ ಫೇಲ್ಯೂರ್ ಇರುವವರ ನಿದ್ದೆ ಕೆಟ್ಟರೆ ಅದನ್ನು ವಯಸ್ಸಿನ ಮೇಲೋ ಚಿಂತೆಯ ಮೇಲೋ ಹಾಕಿ ಸುಮ್ಮನಾಗಬೇಡಿ. ಬಹಳ ಸಲ ಅದಕ್ಕೆ ಹುಡುಕಿದರೆ ಸಿಗುವ ಕಾರಣ ಇರುತ್ತದೆ. ಆ ಕಾರಣ ಹುಡುಕಿದ ಮೇಲೆ ಸರಿಪಡಿಸುವುದು ಅಷ್ಟು ಕಷ್ಟವಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮಾತ್ರೆಗಳ ಬಗ್ಗೆ ಬರೆದಿರುವುದೆಲ್ಲ ನಿಮ್ಮ ವೈದ್ಯರ ಹತ್ತಿರ ಕೇಳುವುದಕ್ಕೆ. ನೀವೇ ಬದಲಾಯಿಸುವುದಕ್ಕೆ ಅಲ್ಲ.

ಮಲಗಿದಾಗಲೇ ಯಾಕೆ ದಮ್ಮು ಬರುತ್ತದೆ?

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಅಂತಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಅದು ಸರಾಗವಾಗಿ ತಳ್ಳಲು ಆಗುತ್ತಿಲ್ಲ ಅಂತ. ಕೆಲವರ ಹೃದಯ ಬಲ ಕಳೆದುಕೊಂಡಿರುತ್ತದೆ. ಇನ್ನು ಕೆಲವರದು ಬಿಗಿಯಾಗಿರುತ್ತದೆ. ಅಂಥವರಿಗೆ ಪಂಪಿಂಗ್ ಅಂಕಿ ಚೆನ್ನಾಗಿದ್ದರೂ ತೊಂದರೆ ಅದೇ.

ಹೀಗಾದಾಗ ಮೈಯಲ್ಲಿ ಉಪ್ಪು, ನೀರು ಉಳಿದುಕೊಳ್ಳುತ್ತವೆ. ಹಗಲೆಲ್ಲ ಕೂತು, ನಿಂತು ಇರುವಾಗ ಆ ನೀರು ಕಾಲಿಗೆ ಇಳಿಯುತ್ತದೆ. ಸಂಜೆಗೆ ಚಪ್ಪಲಿ ಬಿಗಿಯಾಗುತ್ತದೆ, ಕಾಲುಚೀಲದ ಗುರುತು ಉಳಿಯುತ್ತದೆ. ರಾತ್ರಿ ಚಪ್ಪಟೆಯಾಗಿ ಮಲಗಿದಾಗ ಕಾಲಿನ ನೀರು ಮತ್ತೆ ರಕ್ತಕ್ಕೆ ಸೇರಿ ಎದೆಯ ಕಡೆ ಬರುತ್ತದೆ. ಸೋತ ಹೃದಯ ಅದನ್ನು ನಿಭಾಯಿಸಲಾರದು. ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ, ದಮ್ಮು ಹತ್ತುತ್ತದೆ. ಎದ್ದು ಕೂತರೆ ನೀರು ಕೆಳಗಿಳಿದು ಹಾಯೆನಿಸುತ್ತದೆ. ಅಪ್ಪ ಕಿಟಕಿ ಹತ್ತಿರ ಹೋಗುತ್ತಿದ್ದದ್ದು ಗಾಳಿಗೆ. ನಿಜವಾಗಿ ಅವರಿಗೆ ಆರಾಮ ಕೊಡುತ್ತಿದ್ದದ್ದು ಎದ್ದು ನಿಲ್ಲುವುದು.

ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದಕ್ಕೂ ಇದೇ ಕಾರಣ. ಮಲಗಿದಾಗ ಮೂತ್ರಪಿಂಡಕ್ಕೆ ರಕ್ತ ಚೆನ್ನಾಗಿ ಸಿಗುತ್ತದೆ. ಹಗಲು ಸೋಸದೆ ಉಳಿದದ್ದನ್ನು ಅದು ರಾತ್ರಿ ಸೋಸುತ್ತದೆ.

ಇದಾದರೆ ಕಾಯಬೇಡಿ

ನಿದ್ದೆಯಿಂದ ಎದ್ದು ಕೂತು ಅರ್ಧ ಗಂಟೆಯಾದರೂ ದಮ್ಮು ಇಳಿಯದಿದ್ದರೆ, ಮಾತಾಡುವುದಕ್ಕೂ ಉಸಿರು ಸಾಲದಿದ್ದರೆ, ನಸುಗೆಂಪು ನೊರೆಯಂಥ ಕಫ ಬಂದರೆ, ಎದೆನೋವು ಇದ್ದರೆ, ತುಟಿ ನೀಲಿಯಾದರೆ, ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ತೀರಾ ಜಾಸ್ತಿ ಇದ್ದರೆ ಅರ್ಧ ಗಂಟೆಯನ್ನೂ ಕಾಯಬೇಡಿ. ಪ್ರಜ್ಞೆ ಇದ್ದರೆ ಆಂಬುಲೆನ್ಸ್ ಬರುವವರೆಗೆ ನೇರವಾಗಿ ಕೂರಿಸಿ, ಕಾಲು ಮಂಚದಿಂದ ಕೆಳಗೆ ಇಳಿಬಿಡಲಿ. ದಯವಿಟ್ಟು ಮಲಗಿಸಬೇಡಿ. ಗಾಬರಿಯಲ್ಲಿ ನಾವೆಲ್ಲ ಮಾಡುವ ತಪ್ಪು ಅದು. ನೀರು ಕುಡಿಸುವುದೂ ಬೇಡ.

ಹೆಜ್ಜೆ 1: ಒಂದು ವಾರ ಸುಮ್ಮನೆ ಬರೆದಿಡಿ

ಏನನ್ನೂ ಬದಲಾಯಿಸುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಸಲ ಎದ್ದರು, ಯಾಕೆ ಎದ್ದರು, ಎಷ್ಟು ದಿಂಬು, ಇಷ್ಟು ಸಾಕು. ಮುಖ್ಯವಾದದ್ದು "ಯಾಕೆ". ಮಲಗಿದ ಕೂಡಲೇ ದಮ್ಮು ಬಂತೋ, ಒಂದೆರಡು ಗಂಟೆ ನಿದ್ದೆ ಮಾಡಿದ ಮೇಲೆ ಉಸಿರು ಕಟ್ಟಿದಂತಾಗಿ ಎದ್ದರೋ? ಮೂತ್ರಕ್ಕೋ? ಕೆಮ್ಮಿಗೋ? ಕಾಲು ಜುಮ್ಮೆಂದು ಆಡಿಸದೆ ಇರಲಾಗಲಿಲ್ಲವೋ? ಕೆಟ್ಟ ಕನಸೋ? ಅಥವಾ ಸುಮ್ನೆ ಕಣ್ಣು ಬಿಟ್ಟುಕೊಂಡು ಮಲಗಿದ್ದರೋ?

ಪ್ರತಿಯೊಂದಕ್ಕೂ ಕಾರಣ ಬೇರೆ, ಪರಿಹಾರ ಬೇರೆ. "ನಿದ್ದೆ ಬರಲ್ಲ ಡಾಕ್ಟ್ರೇ" ಅಂದರೆ ನಿದ್ದೆ ಮಾತ್ರೆ ಬರೆದುಕೊಟ್ಟಾರು. "ನಾಲ್ಕು ರಾತ್ರಿ, ಮಲಗಿ ಎರಡು ಗಂಟೆಯಾದ ಮೇಲೆ ದಮ್ಮು ಬಂದು ಎದ್ದರು" ಅಂದರೆ ಅವರು ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ.

ಹಗಲಿನ ಒಂದು ವಿಷಯವನ್ನೂ ಬರೆಯಿರಿ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಅರ್ಧ ನಿಮಿಷದೊಳಗೆ ಉಸಿರು ಕಟ್ಟಿದಂತಾದರೆ ಅದೂ ನೀರು ಸೇರಿರುವ ಸೂಚನೆ ಆಗಿರಬಹುದು.

ಹೆಜ್ಜೆ 2: ಬೆಳಗ್ಗೆ ತೂಕ

ಎದ್ದು, ಮೂತ್ರ ಮಾಡಿ ಬಂದು, ಕಾಫಿಗೆ ಮುಂಚೆ, ದಿನವೂ ಅಂಥದ್ದೇ ಹಗುರ ಬಟ್ಟೆಯಲ್ಲಿ ತೂಕ ನೋಡಿ. ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ರಾತ್ರೋರಾತ್ರಿ ಯಾರಿಗೂ ಅಷ್ಟು ಕೊಬ್ಬು ಬರಲ್ಲ, ಅಲ್ವಾ? ಒಂದೇ ದಿನಕ್ಕೆ 1 ಕೆಜಿಗಿಂತ ಜಾಸ್ತಿ ಅಥವಾ 3 ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಅದು ನೀರು. ಅವತ್ತೇ ವೈದ್ಯರಿಗೆ ಫೋನ್ ಮಾಡಿ. ತೂಕ ಮೊದಲು ಏರಿ, ಆಮೇಲೆ ನಿದ್ದೆ ಕೆಡುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ಹೆಜ್ಜೆ 3: ಮಾತ್ರೆ ಯಾವ ಹೊತ್ತಿಗೆ?

ನಮ್ಮ ಮನೆಯಲ್ಲಿ ಅತಿ ದೊಡ್ಡ ವ್ಯತ್ಯಾಸ ಆಗಿದ್ದು ಇಲ್ಲೇ. ಅಪ್ಪನಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೋಗಿಸುವ ಮಾತ್ರೆ, ದಿನಕ್ಕೆ ಎರಡು ಸಲ ಇತ್ತು. ವೈದ್ಯರು ಬರೆದದ್ದು ಬೆಳಗ್ಗೆ, ಮಧ್ಯಾಹ್ನ. ಔಷಧಿ ಅಂಗಡಿಯಲ್ಲಿ ಕವರ್ ಮೇಲೆ 1-0-1, ಅಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು, ಅಂತ ಬರೆದುಕೊಟ್ಟರು. ನಾವು ಚೀಟಿ ನೋಡಲಿಲ್ಲ, ಕವರ್ ನೋಡಿದೆವು. ಮೂರು ವಾರ ರಾತ್ರಿ ಊಟದ ಮೇಲೆ ಕೊಟ್ಟೆವು. ಅವರು ಬೆಳಗಾಗುವವರೆಗೆ ಬಚ್ಚಲಿಗೆ ಓಡಾಡಿದರು.

ಫ್ಯೂರೋಸಮೈಡ್, ಅಂದರೆ ಲ್ಯಾಸಿಕ್ಸ್ ಅಂತ ಎಲ್ಲರಿಗೂ ಗೊತ್ತಿರುವ ಮಾತ್ರೆ, ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಒಂದೆರಡು ಗಂಟೆಯಲ್ಲಿ ಜೋರಾಗುತ್ತದೆ. ಒಟ್ಟು 6ರಿಂದ 8 ಗಂಟೆ ಇರುತ್ತದೆ. ರಾತ್ರಿ ಒಂಬತ್ತಕ್ಕೆ ನುಂಗಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ಎರಡನೇ ಮಾತ್ರೆಯನ್ನು ಸಾಮಾನ್ಯವಾಗಿ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಕೊಡುತ್ತಾರೆ. ಟಾರ್ಸಮೈಡ್ ಎಂಬ ಇನ್ನೊಂದು ನೀರಿನ ಮಾತ್ರೆ ಇದ್ದರೂ ಹೊತ್ತು ಕೇಳಿಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳೂ ಮೂತ್ರ ಸ್ವಲ್ಪ ಹೆಚ್ಚಿಸುತ್ತವೆ. ಅವನ್ನು ಬೆಳಗ್ಗೆಯೇ ತಗೊಳ್ಳುವುದು ಅನುಕೂಲ.

ಮೂತ್ರದ ಓಡಾಟ ಬೇಡ ಅಂತ ನೀರಿನ ಮಾತ್ರೆ ಬಿಟ್ಟುಬಿಡುವವರು ಇದ್ದಾರೆ. ಬಸ್ಸಿನಲ್ಲಿ ಹೋಗುವ ದಿನ, ಮದುವೆಗೆ ಹೋಗುವ ದಿನ ಹೀಗೆ ಮಾಡುತ್ತಾರೆ. ಬಿಡಬೇಡಿ. ಆ ದಿನ ಹೊತ್ತನ್ನು ಮುಂದೂಡಬಹುದೇ ಅಂತ ಮುಂಚೆಯೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಇನ್ನೆರಡು ಮಾತ್ರೆಗಳ ವಿಷಯ. ರಾಮಿಪ್ರಿಲ್, ಎನಲಾಪ್ರಿಲ್ ಥರದವು ಕೆಲವರಿಗೆ ಒಣ ಕೆಮ್ಮು ತರುತ್ತವೆ. ಮಲಗಿದಾಗ ಕೆಮ್ಮು ಬರುವುದು ನೀರು ತುಂಬಿದ್ದಕ್ಕೂ ಇರಬಹುದು, ಈ ಮಾತ್ರೆಗೂ ಇರಬಹುದು. ವೈದ್ಯರು ನೋಡಿ ಹೇಳಬೇಕು. ಬದಲಿ ಮಾತ್ರೆಗಳಿವೆ. ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್‌ಗಳಿಂದ ಕೆಲವರಿಗೆ ಕೆಟ್ಟ ಕನಸು ಬೀಳುತ್ತವೆ. ಅದನ್ನೂ ಹೇಳಿ. ಆದರೆ ಬೀಟಾ ಬ್ಲಾಕರ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ.

ಹೆಜ್ಜೆ 4: ಉಪ್ಪು, ನೀರು, ರಾತ್ರಿ ಊಟ

ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ತಲೆ ತಟ್ಟಿದ ಒಂದು ಸಣ್ಣ ಚಮಚ. ಅಡಿಗೆಗೆ ಹಾಕಿದ್ದು, ಮೇಲೆ ಹಾಕಿಕೊಂಡದ್ದು, ಅಂಗಡಿ ತಿಂಡಿಯಲ್ಲಿ ಇರುವುದು ಎಲ್ಲ ಸೇರಿ ಇಷ್ಟೇ. ನಮ್ಮ ಊಟದಲ್ಲಿ ಇದು ಕಷ್ಟ ಅಂತ ನನಗೆ ಗೊತ್ತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಮಿಕ್ಸ್ಚರ್, ಬೇಕರಿ ಬ್ರೆಡ್ಡು, ಖಾರಾ ಬಿಸ್ಕತ್ತು, ಪ್ಯಾಕೆಟ್ ನೂಡಲ್ಸ್, ಒಣಮೀನು, ಎಲ್ಲದರಲ್ಲೂ ಉಪ್ಪು ತುಂಬಿರುತ್ತದೆ. ಸಂಜೆ ತಿಂದ ಉಪ್ಪಿನ ಪರಿಣಾಮ ಅದೇ ರಾತ್ರಿ ಕಾಣಿಸಬಹುದು. ಹಬ್ಬದ ಮಾರನೇ ದಿನ, ಮದುವೆ ಊಟದ ಮಾರನೇ ದಿನ ನೋಟ್‌ಬುಕ್ ತೆಗೆದು ನೋಡಿ.

ನಾವು ಮಾಡಿದ್ದು ಹೀಗೆ. ಮನೆಯವರೆಲ್ಲರ ಸಾರಿಗೂ ಉಪ್ಪು ಅರ್ಧಕ್ಕಿಳಿಸಿದೆವು. ಬೇಕಾದವರು ತಟ್ಟೆಗೆ ಹಾಕಿಕೊಂಡರು. ಅಪ್ಪನ ಮುಂದಿನಿಂದ ಉಪ್ಪಿನ ಡಬ್ಬಿಯೇ ಹೋಯಿತು. ಹುಳಿ, ನಿಂಬೆರಸ, ಹುರಿದ ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿ ಮಾಡಿದೆವು. ಮುದ್ದೆಗೆ ಉಪ್ಪು ಹಾಕದೆ ತೊಳಸಿದರೂ ಏನೂ ಕೊರತೆಯಿಲ್ಲ. ಮೊದಲ ಎರಡು ವಾರ ಅಪ್ಪ ಸಪ್ಪೆ ಸಪ್ಪೆ ಅಂತ ಗೊಣಗಿದರು. ಆಮೇಲೆ ನಾಲಿಗೆ ಒಗ್ಗಿಕೊಂಡಿತು.

ಉಪ್ಪಿನ ಬದಲು ಅಂತ ಮಾರುವ "ಲೋ ಸೋಡಿಯಂ" ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯದ ಹಲವು ಮಾತ್ರೆಗಳು, ಮುಖ್ಯವಾಗಿ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಥರದವು, ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿದರೆ ಎದೆಬಡಿತದ ಲಯವೇ ತಪ್ಪಬಹುದು. ಎಳನೀರೂ ಹೀಗೇ. ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಎಳನೀರು ಒಳ್ಳೆಯದು ಅಂತ ಅಪ್ಪ ದಿನಾ ಎರಡು ಕುಡಿಯುತ್ತಿದ್ದರು. ವೈದ್ಯರು ರಕ್ತದಲ್ಲಿ ಪೊಟ್ಯಾಸಿಯಂ ನೋಡಿ ಅದನ್ನು ನಿಲ್ಲಿಸಿದರು.

ನೀರಿನ ಮಿತಿ ಎಲ್ಲರಿಗೂ ಇಲ್ಲ. ವೈದ್ಯರು ಒಂದೂವರೆ ಅಥವಾ ಎರಡು ಲೀಟರ್ ಅಂತ ಹೇಳಿದ್ದರೆ ಕಾಫಿ, ಮಜ್ಜಿಗೆ, ಗಂಜಿ, ಸಾರು, ಪಾಯಸ ಎಲ್ಲ ಆ ಲೆಕ್ಕದಲ್ಲೇ ಬರುತ್ತವೆ. ಬೆಳಗ್ಗೆ ಒಂದು ಬಾಟಲಿಗೆ ಅಳೆದು ತುಂಬಿಸಿಡಿ. ಬೇರೆ ಏನಾದರೂ ಕುಡಿದರೆ ಅಷ್ಟನ್ನು ಬಾಟಲಿಯಿಂದ ಗಿಡಕ್ಕೆ ಹಾಕಿ. ಹೆಚ್ಚಿನ ಪಾಲು ಸಂಜೆ ಆರರೊಳಗೆ ಮುಗಿಯಲಿ.

ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ, ಹಗುರವಾಗಿ. ಹೊಟ್ಟೆ ಬಿರಿಯುವಂತೆ ಉಂಡರೆ ಉಸಿರಿಗೆ ಜಾಗವೇ ಇರುವುದಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಫಿಲ್ಟರ್ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು.

ಹೆಜ್ಜೆ 5: ಹಾಸಿಗೆ, ಕೋಣೆ, ಬಚ್ಚಲ ದಾರಿ

ದಿಂಬಿನ ಮೇಲೆ ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಎದೆ ಏಳುವುದಿಲ್ಲ. ರಾತ್ರಿ ದಿಂಬು ಜಾರುತ್ತದೆ. ಅದಕ್ಕಿಂತ ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ ಗಟ್ಟಿ ಮರದ ತುಂಡು ಇಟ್ಟು ಆರರಿಂದ ಎಂಟು ಇಂಚು ಎತ್ತರಿಸಿ. ಕಾಲು ಜಾರದಂತೆ ತುಂಡಿನಲ್ಲಿ ಗುಳಿ ಮಾಡಿಸಿ. ಆಗ ಇಡೀ ಮೈ ಓರೆಯಾಗಿ, ಎದೆಯೂ ಮೇಲೆ ಏಳುತ್ತದೆ. ಔಷಧಿ ಸಲಕರಣೆ ಅಂಗಡಿಯಲ್ಲಿ ಹಾಸಿಗೆ ಮೇಲೆ ಇಡುವ ಬ್ಯಾಕ್ ರೆಸ್ಟ್ ಸಿಗುತ್ತದೆ, ಅದೂ ಆಗುತ್ತದೆ.

ಎಡಮಗ್ಗುಲಿಗೆ ಮಲಗಿದರೆ ಕೆಲವರಿಗೆ ದಮ್ಮು, ಎದೆ ಡವಡವ ಜಾಸ್ತಿ. ಅಂಥವರು ಬಲಮಗ್ಗುಲಾಗಿ ನೋಡಲಿ. ಯಾವುದು ಹಿತವೋ ಅದು.

ಆದರೆ ಒಂದು ಎಚ್ಚರ. ಮಂಚ ಎತ್ತರಿಸಿದ್ದು ಆರಾಮಕ್ಕೆ. ಕಾಯಿಲೆಗೆ ಮದ್ದು ಅದಲ್ಲ. ಹೋದ ವಾರ ಎರಡು ದಿಂಬು ಸಾಕಿತ್ತು, ಈ ವಾರ ಈಸಿ ಚೇರಿನಲ್ಲಿ ಕೂತೇ ಮಲಗಬೇಕು ಅಂತಾದರೆ ಕಾಯಿಲೆ ಏರಿದೆ ಅಂತ ತಿಳಿದು ವೈದ್ಯರ ಹತ್ತಿರ ಹೋಗಿ.

ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕಾಲನ್ನು ಸ್ಟೂಲಿನ ಮೇಲಿಟ್ಟು ಒರಗಿ ಕೂರುವುದು ಒಳ್ಳೆಯದು. ಕಾಲಿನ ನೀರು ಹಗಲಲ್ಲೇ ಹೊರಟು ಹೋಗಲು ಸಹಾಯವಾಗುತ್ತದೆ. ಹಾಗೆ ಕೂತಾಗ ದಮ್ಮು ಬಂದರೆ ನಿಲ್ಲಿಸಿ.

ಸೊಳ್ಳೆ ಬತ್ತಿ ಹೊಗೆ ಬೇಡ, ಪರದೆ ಕಟ್ಟಿ. ಬಚ್ಚಲ ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ಕಾಲೊರೆಸುವ ಬಟ್ಟೆ, ಸ್ಟೂಲು ಅಡ್ಡ ಇರದಿರಲಿ. ಹೃದಯದ ಮಾತ್ರೆಗಳು ಬಿಪಿ ಇಳಿಸುವುದರಿಂದ ದಡಕ್ಕನೆ ಎದ್ದರೆ ತಲೆ ತಿರುಗಿ ಬೀಳುತ್ತಾರೆ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ಏಳಲಿ. ಹಾಸಿಗೆ ಪಕ್ಕ ಯೂರಿನ್ ಪಾಟ್ ಇಡುವುದಕ್ಕೆ ಅಪ್ಪ ಮೊದಲು ನಾಚಿಕೊಂಡರು. ಒಂದು ಸಲ ಜಾರಿದ ಮೇಲೆ ಒಪ್ಪಿದರು. ನೀವು ಜಾರುವವರೆಗೆ ಕಾಯಬೇಡಿ.

ಹೆಜ್ಜೆ 6: ಗೊರಕೆ ಮತ್ತು ನಡುನಡುವೆ ನಿಲ್ಲುವ ಉಸಿರು

"ಇವರು ಉಸಿರೇ ಬಿಡಲ್ಲ ಕಣೇ ಸ್ವಲ್ಪ ಹೊತ್ತು. ನಾನು ಹದಿನೈದರವರೆಗೂ ಎಣಿಸ್ತೀನಿ" ಅಂತ ಅಮ್ಮ ಒಂದು ದಿನ ಹೇಳಿದರು. ಎಷ್ಟೋ ತಿಂಗಳಿಂದ ಎಣಿಸುತ್ತಿದ್ದರಂತೆ. ಹೇಳಿರಲಿಲ್ಲ. ಪಕ್ಕದಲ್ಲಿ ಮಲಗುವವರಿಗೆ ಮಾತ್ರ ಗೊತ್ತಾಗುವ ವಿಷಯ ಇದು. ಅವರನ್ನು ಕೇಳಿ.

ನಿದ್ದೆಯಲ್ಲಿ ಉಸಿರು ನಿಲ್ಲುವುದು ಹಾರ್ಟ್ ಫೇಲ್ಯೂರ್ ಇರುವವರಲ್ಲಿ ತುಂಬಾ ಸಾಮಾನ್ಯ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ. ಜೋರು ಗೊರಕೆ, ಮಧ್ಯೆ ನಿಶ್ಶಬ್ದ, ಆಮೇಲೆ ಗಕ್ಕೆಂದು ಎಚ್ಚರ. ಇನ್ನೊಂದರಲ್ಲಿ ಗಂಟಲು ತೆರೆದೇ ಇರುತ್ತದೆ, ಮಿದುಳೇ ಉಸಿರಾಡು ಅನ್ನುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಉಸಿರು ನಿಧಾನಕ್ಕೆ ದೊಡ್ಡದಾಗುತ್ತಾ ಹೋಗಿ, ಮತ್ತೆ ಸಣ್ಣದಾಗುತ್ತಾ ಬಂದು, ನಿಂತೇ ಹೋಗಿ, ಮತ್ತೆ ಶುರುವಾಗುತ್ತದೆ. ಡಬ್ಲಿನ್‌ನ ಇಬ್ಬರು ವೈದ್ಯರು, 1818ರಲ್ಲಿ ಜಾನ್ ಚೇನ್ ಮತ್ತು 1854ರಲ್ಲಿ ವಿಲಿಯಂ ಸ್ಟೋಕ್ಸ್, ಇದನ್ನು ವಿವರಿಸಿ ಬರೆದರು. ಅದಕ್ಕೇ ಚೇನ್-ಸ್ಟೋಕ್ಸ್ ಉಸಿರಾಟ ಅನ್ನುತ್ತಾರೆ. ಒಬ್ಬರಲ್ಲೇ ಎರಡೂ ಬಗೆ ಇರಬಹುದು.

ಮಾಡಬೇಕಾದದ್ದು ಇಷ್ಟು. ಅವರು ಮಲಗಿದಾಗ ಐದು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿ. ಎದೆ ಕಾಣಬೇಕು, ಸದ್ದು ಕೇಳಬೇಕು. ವೈದ್ಯರಿಗೆ ತೋರಿಸಿ, ನಿದ್ದೆ ಪರೀಕ್ಷೆ ಬೇಕೇ ಅಂತ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಮಾಡುತ್ತಾರೆ. ಒಂದು ರಾತ್ರಿ ವೈರುಗಳನ್ನು ಅಂಟಿಸಿ ಮಲಗಿಸುತ್ತಾರೆ, ನೋವಿಲ್ಲ.

ಪರೀಕ್ಷೆ ಇಲ್ಲದೆ ಆನ್‌ಲೈನ್‌ನಲ್ಲಿ ಉಸಿರಿನ ಮೆಷಿನ್ ತರಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಗಂಟಲು ಮುಚ್ಚುವ ಬಗೆಗೆ, ಮಾಸ್ಕ್ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಒಳ್ಳೆಯ ಸಹಾಯ. ಆದರೆ ಎರಡನೇ ಬಗೆಗೆ, ಉಸಿರಿಗೆ ತಕ್ಕಂತೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಎಎಸ್‌ವಿ ಅನ್ನುವ ಇನ್ನೊಂದು ಮೆಷಿನ್ ಬಳಸಿ ಸರ್ವ್-ಎಚ್‌ಎಫ್ ಎಂಬ ಅಧ್ಯಯನ ನಡೆಯಿತು. 2015ರಲ್ಲಿ ಅದರ ಫಲಿತಾಂಶ ಬಂತು. ಪಂಪಿಂಗ್ 45 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಆ ಮೆಷಿನ್ ಹಾಕಿಕೊಂಡವರು ಹೃದಯದ ಕಾರಣದಿಂದ ತೀರಿಕೊಂಡದ್ದೇ ಜಾಸ್ತಿ ಕಂಡುಬಂತು. ಯಾವ ಬಗೆ ಅಂತ ಗೊತ್ತಾಗುವುದು ಅಷ್ಟು ಮುಖ್ಯ. ಎರಡನೇ ಬಗೆಗೆ ಮೊದಲ ಮದ್ದು ಹೃದಯದ ಚಿಕಿತ್ಸೆಯನ್ನೇ ಸರಿಯಾಗಿ ಮಾಡುವುದು.

ಹೆಜ್ಜೆ 7: ಕಾಲಿನ ಚಡಪಡಿಕೆ

ಸಂಜೆಯಾದರೆ ಕಾಲಲ್ಲಿ ಏನೋ ಹರಿದಾಡಿದಂತೆ, ಆಡಿಸಿದರೆ ಮಾತ್ರ ಸರಿ ಅನಿಸುವಂತೆ ಇದ್ದರೆ ಕಬ್ಬಿಣದ ಅಂಶ ನೋಡಿಸಿ. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ ಕಬ್ಬಿಣ ಕಡಿಮೆ ಇರುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿದ್ದರೂ ಇರಬಹುದು, ಹಾಗಾಗಿ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ. ಇವರಲ್ಲಿ ಬಾಯಿಂದ ತಗೊಳ್ಳುವ ಕಬ್ಬಿಣ ಅಷ್ಟಾಗಿ ಹಿಡಿಯುವುದಿಲ್ಲ. ಬೇಕಿದ್ದರೆ ವೈದ್ಯರು ನರಕ್ಕೆ ಕೊಡುತ್ತಾರೆ.

ಹೆಜ್ಜೆ 8: ಮಲಗುವುದಕ್ಕೇ ಹೆದರಿಕೆ

"ಮಲಗಿದರೆ ಏಳ್ತೀನೋ ಇಲ್ವೋ" ಅಂತ ಅಪ್ಪ ಒಮ್ಮೆ ಅಮ್ಮನ ಹತ್ತಿರ ಹೇಳಿದ್ದರು. ನಮ್ಮ ಮುಂದೆ ಯಾವತ್ತೂ ಹೇಳಲಿಲ್ಲ. ಒಮ್ಮೆ ರಾತ್ರಿ ಉಸಿರು ಕಟ್ಟಿದವರಿಗೆ ಈ ಭಯ ಬಂದೇ ಬರುತ್ತದೆ. ಅದನ್ನು ಹಗಲಲ್ಲಿ, ಸಮಾಧಾನವಾಗಿ ಕೇಳಿ. "ಏನೂ ಆಗಲ್ಲ ಬಿಡಿ" ಅಂತ ತೇಲಿಸಬೇಡಿ. ಪಕ್ಕದಲ್ಲಿ ಒಂದು ಕರೆಗಂಟೆ ಇಟ್ಟು, "ಒತ್ತಿದರೆ ನಾನು ಬರ್ತೀನಿ" ಅಂತ ಹೇಳಿದ್ದು ನಮ್ಮ ಮನೆಯಲ್ಲಿ ಕೆಲಸ ಮಾಡಿತು.

ದಮ್ಮು ಹತೋಟಿಗೆ ಬಂದ ಮೇಲೂ ನಿದ್ದೆ ಬರದಿದ್ದರೆ ಅಭ್ಯಾಸ ಕೆಟ್ಟಿರಬಹುದು. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳಲಿ. ಬೆಳಗಿನ ಬಿಸಿಲಲ್ಲಿ, ವೈದ್ಯರು ಒಪ್ಪಿದಷ್ಟು ನಡೆಯಲಿ. ಹಗಲು ನಿದ್ದೆ ಅರ್ಧ ಗಂಟೆ, ಅದೂ ಮೂರರೊಳಗೆ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಕುರ್ಚಿಯಲ್ಲಿ ಕೂತು ರೇಡಿಯೋ ಕೇಳಲಿ, ಜಪ ಮಾಡಲಿ. ನಿದ್ದೆ ತೂಗಿದಾಗ ಮತ್ತೆ ಹೋಗಲಿ. ನಿಧಾನ ಉಸಿರಾಟ ಒಳ್ಳೆಯದು. ಉಸಿರು ಬಿಗಿ ಹಿಡಿಯುವ ಪ್ರಾಣಾಯಾಮ ಬೇಡ. ಇದನ್ನೇ ಕ್ರಮವಾಗಿ ಕಲಿಸುವ ಸಿಬಿಟಿ-ಐ ಎಂಬ ಚಿಕಿತ್ಸೆ ಇದೆ, ಮಾತ್ರೆಯಿಲ್ಲ.

ಯಾವುದರಲ್ಲೂ ಆಸಕ್ತಿಯಿಲ್ಲ, ಅಳು ಬರುತ್ತದೆ, ಬದುಕಿ ಏನು ಪ್ರಯೋಜನ ಅನ್ನುತ್ತಾರೆ ಅಂತಾದರೆ ಅದು ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಂಗಡಿಯಿಂದ ತರಬಾರದ್ದು

ಆಲ್ಪ್ರಜೋಲಮ್ ಥರದ ನಿದ್ದೆ ಮಾತ್ರೆ ಉಸಿರನ್ನು ಮಂದ ಮಾಡಬಹುದು, ರಾತ್ರಿ ಮೂತ್ರಕ್ಕೆ ಎದ್ದವರನ್ನು ಬೀಳಿಸುತ್ತದೆ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಅವು ಮೈಯಲ್ಲಿ ನೀರು ಹಿಡಿದಿಡುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ನೆಗಡಿ ಮಾತ್ರೆಗಳು ಬಿಪಿ, ಎದೆಬಡಿತ ಏರಿಸುತ್ತವೆ. ಗ್ಯಾಸಿಗೆ ಅಂತ ಕುಡಿಯುವ ಈನೋ, ಅಡಿಗೆ ಸೋಡಾ, ನೀರಲ್ಲಿ ನೊರೆ ಬರುವ ಮಾತ್ರೆಗಳಲ್ಲಿ ಸೋಡಿಯಂ ಇದೆ. ನಿದ್ದೆಗೆ ಅಂತ ಒಂದು ಪೆಗ್ ಹಾಕುವುದು ನಿದ್ದೆಯನ್ನೂ ಕೆಡಿಸುತ್ತದೆ, ಹೃದಯವನ್ನೂ.

ವೈದ್ಯರ ಹತ್ತಿರ ಹೋದಾಗ

ಒಪಿಡಿಯಲ್ಲಿ ಸಿಗುವುದು ಐದೇ ನಿಮಿಷ. ನಾವು ನೋಟ್‌ಬುಕ್‌ನ ಕೊನೆ ಪುಟದಲ್ಲಿ ಹೀಗೆ ಬರೆದುಕೊಂಡು ಹೋಗುತ್ತೇವೆ: "ಎರಡು ವಾರದಲ್ಲಿ ದಮ್ಮಿಗೆ ಎದ್ದದ್ದು 3 ರಾತ್ರಿ. ಮೂತ್ರಕ್ಕೆ ರಾತ್ರಿಗೆ 2 ಸಲ, ಮೊದಲು 5 ಇತ್ತು. ದಿಂಬು 2. ತೂಕ 61ರಿಂದ 62ರೊಳಗೆ. ನೀರಿನ ಮಾತ್ರೆ ಬೆಳಗ್ಗೆ 7ಕ್ಕೆ, ಮಧ್ಯಾಹ್ನ 2ಕ್ಕೆ. ಉಸಿರು ನಿಲ್ಲುವ ವಿಡಿಯೋ ಇದೆ. ಒಣ ಕೆಮ್ಮು ಇದೆ." ಜೊತೆಗೆ ಮಾತ್ರೆಯ ಕವರುಗಳನ್ನೂ ಚೀಟಿಯನ್ನೂ ತಗೊಂಡು ಹೋಗಿ. ಹೊರಡುವ ಮುಂಚೆ ಪ್ರತಿ ಮಾತ್ರೆಗೂ ಗಡಿಯಾರದ ಹೊತ್ತು ಕೇಳಿ, ಅವರ ಮುಂದೆಯೇ ಕನ್ನಡದಲ್ಲಿ ಬರೆದುಕೊಳ್ಳಿ.